ಉಪ್ಪಿಗಾಗಿ ಅಳುತ್ತಿದ್ದ ಹುಡುಗ: ಬಾಲ್ಟಿಮೋರಿನ ಒಂದು ಪ್ರಕರಣ

1940ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನ ಪತ್ರಿಕೆಯಲ್ಲಿ ಪುಟ್ಟ ವರದಿಯೊಂದು ಅಚ್ಚಾಯಿತು. ಬರೆದ ಇಬ್ಬರೂ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯವರು. ಲಾಸನ್ ವಿಲ್ಕಿನ್ಸ್ ಮಕ್ಕಳ ವೈದ್ಯರು. ಮಕ್ಕಳ ಹಾರ್ಮೋನು ಕಾಯಿಲೆಗಳಿಗೆ ಪ್ರತ್ಯೇಕ ವೈದ್ಯಶಾಖೆಯೊಂದು ಬೆಳೆಯಲು ಮುಂದೆ ಇವರೇ ಮುಖ್ಯ ಕಾರಣರಾದರು. ಕರ್ಟ್ ರಿಕ್ಟರ್ ರೋಗಿಗಳನ್ನು ನೋಡುವವರಲ್ಲ. ಇಲಿಗಳು ಎಷ್ಟು ತಿನ್ನುತ್ತವೆ, ಎಷ್ಟು ಕುಡಿಯುತ್ತವೆ, ಎಷ್ಟು ಓಡುತ್ತವೆ ಎಂದು ವರ್ಷಗಟ್ಟಲೆ ಅಳೆಯುತ್ತಾ ಕೂತಿದ್ದ ವಿಜ್ಞಾನಿ. ಇಂಥ ಇಬ್ಬರು ಸೇರಿ ಬರೆಯುವಂತೆ ಮಾಡಿದ್ದು ಮೂರೂವರೆ ವರ್ಷದ ಒಬ್ಬ ಹುಡುಗನ ಸಾವು.

ಅವನನ್ನು ಆಸ್ಪತ್ರೆಗೆ ತಂದದ್ದು ಉಪ್ಪಿನ ದೂರು ಹೇಳಿಕೊಂಡಲ್ಲ. ಅಷ್ಟು ಚಿಕ್ಕ ವಯಸ್ಸಿಗೇ ಮೈಯಲ್ಲಿ ಹರೆಯದ ಗುರುತುಗಳು ಮೂಡಿದ್ದವು. ಅದಕ್ಕೆ ಕಾರಣ ಹುಡುಕಲು ದಾಖಲಿಸಿಕೊಂಡರು. ವಾರ್ಡಿನಲ್ಲಿ ಉಳಿದವರಿಗೆ ಕೊಡುತ್ತಿದ್ದ ಊಟವನ್ನೇ ಇವನಿಗೂ ಕೊಟ್ಟರು. ಏಳು ದಿನಕ್ಕೆ ಅವನು ಹಠಾತ್ತನೆ ತೀರಿಕೊಂಡ. ಶವಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದು ಅಡ್ರಿನಲ್ ಗ್ರಂಥಿಗಳ ಹೊರಪದರದಲ್ಲಿ.

ಸಾವಿನ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ಆದರೆ ಈ ಪ್ರಕರಣದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಬೇರೆ ಎಂದು ನನ್ನ ಅನಿಸಿಕೆ. ಏಳು ದಿನದಲ್ಲಿ ಕೊಲ್ಲುವಂಥ ದೋಷ ಮೈಯೊಳಗಿದ್ದರೂ ಅವನು ಮೂರೂವರೆ ವರ್ಷ ಬದುಕಿದ್ದು ಹೇಗೆ?

ಅಪ್ಪ ಅಮ್ಮ ಬರೆದ ಕಾಗದ

ಇದಕ್ಕೆ ಉತ್ತರ ಮಗನನ್ನು ಕಳೆದುಕೊಂಡ ಮೇಲೆ ತಂದೆತಾಯಿ ಬರೆದು ಕಳಿಸಿದ ಕಾಗದದಲ್ಲಿತ್ತು. ವೈದ್ಯಕೀಯ ಪದ ಒಂದೂ ಇಲ್ಲದ, ಮನೆಮಾತಿನ ಕಾಗದ ಅದು.

ಒಂದು ವರ್ಷದ ಆಸುಪಾಸಿನಲ್ಲಿ ಹುಡುಗ ಉಪ್ಪು ಉದುರಿಸಿದ ಕ್ರ್ಯಾಕರ್ ಬಿಸ್ಕತ್ತು ಕೈಗೆ ಸಿಕ್ಕರೆ ಮೇಲಿನ ಉಪ್ಪನ್ನಷ್ಟೇ ನೆಕ್ಕಿ, ಇನ್ನೊಂದು ಬೇಕೆನ್ನುತ್ತಿದ್ದ. ಬಿಸ್ಕತ್ತು ಅವನಿಗೆ ಬೇಕಿರಲಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಮೇಜಿನ ಮೇಲಿನ ಉಪ್ಪಿನ ಡಬ್ಬಿಯ ಗುಟ್ಟು ತಿಳಿಯಿತು. ಆಮೇಲೆ ಬರೀ ಉಪ್ಪನ್ನೇ ತಿನ್ನತೊಡಗಿದ. ಊಟದಲ್ಲಿ ಸೇರಿದ್ದನ್ನು ಬಿಟ್ಟು ದಿನಕ್ಕೆ ಸುಮಾರು ಒಂದು ಟೀ ಚಮಚದಷ್ಟು. ಕೊಡದಿದ್ದರೆ ಅಳು. ಇಷ್ಟದ ತಿನಿಸುಗಳೆಲ್ಲ ಉಪ್ಪುಪ್ಪು: ಆಲೂಗಡ್ಡೆ ಚಿಪ್ಸ್, ಉಪ್ಪಿನಕಾಯಿ, ಉಪ್ಪು ಹಾಕಿದ ಮೀನು, ಗರಿಗರಿ ಬೇಕನ್. ನೀರನ್ನೂ ಹೆಚ್ಚಾಗಿ ಕುಡಿಯುತ್ತಿದ್ದ. ಅವನು ಕಲಿತ ಮೊದಮೊದಲ ಮಾತುಗಳಲ್ಲಿ ‘ಉಪ್ಪು’ ಎಂಬುದೂ ಒಂದು.

ಒಂದು ಟೀ ಚಮಚ ಎಂದರೆ ಐದಾರು ಗ್ರಾಂ. ಬೆಳೆದವರೇ ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟನ್ನು ಈ ಪುಟ್ಟ ದೇಹ ಊಟದ ಹೊರಗೇ ತೆಗೆದುಕೊಳ್ಳುತ್ತಿತ್ತು. ಆರೋಗ್ಯವಂತ ಮಗುವಾಗಿದ್ದರೆ ಕಿಡ್ನಿಗಳು ಹೆಚ್ಚಾದ ಉಪ್ಪನ್ನು ಕಷ್ಟಪಟ್ಟು ಹೊರಹಾಕಬೇಕಾಗುತ್ತಿತ್ತು. ಇವನ ಕಿಡ್ನಿಗಳು ಹೇಳದೆ ಕೇಳದೆ ಹೊರಹಾಕುತ್ತಲೇ ಇದ್ದವು. ಅವನು ತಿನ್ನುತ್ತಿದ್ದದ್ದು ಆ ನಷ್ಟವನ್ನು ತುಂಬಿಕೊಳ್ಳಲು.

ಸೋರುತ್ತಿದ್ದದ್ದು ಎಲ್ಲಿ

ಅಡ್ರಿನಲ್ ಗ್ರಂಥಿಗಳು ಎರಡು. ಪ್ರತಿ ಕಿಡ್ನಿಯ ತಲೆಯ ಮೇಲೆ ಒಂದೊಂದು. ಬೆಳೆದವರಲ್ಲೂ ಒಂದೊಂದರ ತೂಕ ಕೆಲವೇ ಗ್ರಾಂ. ಒಳತಿರುಳು ತಯಾರಿಸುವುದು ಅಡ್ರಿನಲಿನ್. ಅದರ ಸುತ್ತಲಿನ ಹೊರಪದರದಲ್ಲಿ ಮತ್ತೆ ಮೂರು ಸುತ್ತುಗಳಿವೆ. ತೀರಾ ಹೊರಗಿನ ಸುತ್ತು ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಅಲ್ಡೋಸ್ಟಿರೋನನ್ನೂ, ನಡುವಿನದು ಜ್ವರ, ಶಸ್ತ್ರಚಿಕಿತ್ಸೆಯಂಥ ಹೊತ್ತಿನಲ್ಲಿ ಹೆಚ್ಚಾಗಿ ಬೇಕಾಗುವ ಕಾರ್ಟಿಸಾಲನ್ನೂ, ಒಳಗಿನದು ಗಂಡುಲಕ್ಷಣ ತರುವ ಆಂಡ್ರೋಜನ್‌ಗಳನ್ನೂ ಮಾಡುತ್ತವೆ. ಮೂರಕ್ಕೂ ಕಚ್ಚಾವಸ್ತು ಒಂದೇ, ಕೊಲೆಸ್ಟ್ರಾಲ್. ಜೀವಕೋಶಗಳಲ್ಲಿರುವ ಕಿಣ್ವಗಳ ವ್ಯತ್ಯಾಸದಿಂದಾಗಿ ಅದೇ ವಸ್ತು ಮೂರು ದಾರಿ ಹಿಡಿಯುತ್ತದೆ. ದೇಹದ ರಚನೆಯನ್ನು ಜೀವಕೋಶ, ಅಂಗಾಂಶ, ಅಂಗ, ಅಂಗವ್ಯೂಹ ಎಂದು ಮೆಟ್ಟಿಲು ಮೆಟ್ಟಿಲಾಗಿ ಶಾಲೆಯಲ್ಲಿ ಕಲಿಯುತ್ತೇವಲ್ಲ, ಆ ಮೆಟ್ಟಿಲುಗಳಲ್ಲಿ ತೀರಾ ಕೆಳಗಿನದೊಂದು ಸಡಿಲವಾದರೆ ಮೇಲಿನವು ಏನಾಗುತ್ತವೆ ಎಂಬುದಕ್ಕೆ ಈ ಗ್ರಂಥಿಗಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ.

ಕಿಡ್ನಿಯ ಕೆಲಸವನ್ನು ಲೆಕ್ಕದಲ್ಲಿ ನೋಡಿದರೆ ಉಪ್ಪಿನ ವಿಷಯ ಅರ್ಥವಾಗುತ್ತದೆ. ಬೆಳೆದ ಮನುಷ್ಯನ ಕಿಡ್ನಿಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಕರಗಿರುವ ಸೋಡಿಯಮ್ಮನ್ನು ಅಡುಗೆ ಉಪ್ಪಿನ ಲೆಕ್ಕಕ್ಕೆ ತಂದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ! ಅಷ್ಟನ್ನೂ ಸೋಸಿ, ಶೇಕಡ 99ಕ್ಕೂ ಹೆಚ್ಚು ಪಾಲನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುತ್ತವೆ. ಈ ಎಳೆದುಕೊಳ್ಳುವಿಕೆಯ ಬಹುಪಾಲಿಗೆ ಅಲ್ಡೋಸ್ಟಿರೋನಿನ ಹಂಗಿಲ್ಲ. ಅದರ ಹಿಡಿತ ಇರುವುದು ನಾಳದ ಕೊನೆಯ ತುಂಡಿನಲ್ಲಿ, ಶೇಕಡ ಎರಡರಷ್ಟು ಸೋಡಿಯಮ್ಮಿನ ಮೇಲೆ. ಎರಡೇ ಪಾಲು ಎಂದು ತಾತ್ಸಾರ ಮಾಡುವಂತಿಲ್ಲ. ಒಂದೂವರೆ ಕಿಲೋದಲ್ಲಿ ಶೇಕಡ ಎರಡೆಂದರೆ ದಿನಕ್ಕೆ 30 ಗ್ರಾಂ. ದೊಡ್ಡವರಲ್ಲೂ ಅಷ್ಟನ್ನು ತಿಂದು ತುಂಬಿಸಿಕೊಳ್ಳುವುದು ಸಾಧ್ಯವಾಗದ ಮಾತು.

ಸೋಡಿಯಂ ಹೋದರೆ ಅದರ ಹಿಂದೆಯೇ ನೀರು ಹೋಗುತ್ತದೆ. ರಕ್ತನಾಳಗಳಲ್ಲಿ ಓಡಾಡುವ ದ್ರವ ಕುಗ್ಗುತ್ತದೆ, ರಕ್ತದೊತ್ತಡ ಇಳಿಯುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಾಗಿ ಬರುತ್ತದೆ. ನಾಳದ ಅದೇ ಕೊನೆಯ ತುಂಡಿನಲ್ಲಿ ಸೋಡಿಯಂ ಒಳಬರುವಾಗ ಪೊಟ್ಯಾಸಿಯಂ ಹೊರಹೋಗಬೇಕು. ಅಲ್ಡೋಸ್ಟಿರೋನ್ ಇಲ್ಲದಿದ್ದರೆ ಈ ಅದಲುಬದಲು ನಡೆಯದೆ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇದ್ದರೆ ಪೊಟ್ಯಾಸಿಯಂ ಇರಬೇಕಾದದ್ದು ಬರೀ 3.5ರಿಂದ 5. ಜೀವಕೋಶದ ಒಳಗೆ ಇದು ತಲೆಕೆಳಗು: ಅಲ್ಲಿ ಪೊಟ್ಯಾಸಿಯಮ್ಮೇ ಹೆಚ್ಚು, ಸೋಡಿಯಂ ಕಡಿಮೆ. ಪ್ರತಿ ಜೀವಕೋಶದ ಪೊರೆಯಲ್ಲೂ ಇರುವ ಪಂಪು ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆ ಎಳೆಯುತ್ತಾ ಈ ವ್ಯತ್ಯಾಸವನ್ನು ಕಾಯುತ್ತಿರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು 1957ರಲ್ಲಿ ವರದಿ ಮಾಡಿದರು, 1997ರಲ್ಲಿ ನೊಬೆಲ್ ಪಡೆದರು. ಹೃದಯದ ಬಡಿತದ ಲಯ ನಿಂತಿರುವುದೇ ಈ ವ್ಯತ್ಯಾಸದ ಮೇಲೆ. ಹೊರಗಿನ ಪೊಟ್ಯಾಸಿಯಂ ಏರಿದರೆ ಲಯ ತಪ್ಪುತ್ತದೆ, ಕೆಲವೊಮ್ಮೆ ಮುನ್ಸೂಚನೆಯೇ ಇಲ್ಲದೆ ಹೃದಯ ನಿಲ್ಲುತ್ತದೆ. ಅಡ್ರಿನಲ್ ಕೈಕೊಟ್ಟವರು ಹಠಾತ್ತನೆ ಸಾಯುವುದಕ್ಕೆ ಇರುವ ದಾರಿಗಳಲ್ಲಿ ಇದೂ ಒಂದು.

ಒಂದು ಸಂದೇಶ, ಎರಡು ವಿಳಾಸ

ಆರೋಗ್ಯವಂತರಲ್ಲಿ ಅಲ್ಡೋಸ್ಟಿರೋನ್ ಯಾವಾಗ ಬೇಕು ಎಂಬುದು ತೀರ್ಮಾನವಾಗುವ ರೀತಿ ಸ್ವಲ್ಪ ಸುತ್ತುಬಳಸಿನದು. ಕಿಡ್ನಿಗೆ ಬರುವ ರಕ್ತದ ಒತ್ತಡ ಕಡಿಮೆಯಾದರೆ ಅದು ರೆನಿನ್ ಎಂಬ ಕಿಣ್ವವನ್ನು ಬಿಡುಗಡೆ ಮಾಡುತ್ತದೆ. ಯಕೃತ್ತು ಮೊದಲೇ ತಯಾರಿಸಿ ರಕ್ತಕ್ಕೆ ಬಿಟ್ಟಿರುವ ಪ್ರೋಟೀನೊಂದನ್ನು ರೆನಿನ್ ಕತ್ತರಿಸುತ್ತದೆ. ಆ ತುಂಡನ್ನು ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಇನ್ನೊಂದು ಕಿಣ್ವ ಮತ್ತೆ ಕತ್ತರಿಸುತ್ತದೆ. ಆಗ ಹುಟ್ಟುವುದೇ ಆಂಜಿಯೋಟೆನ್ಸಿನ್-2. ಅದು ಅಡ್ರಿನಲ್ಲಿನ ಹೊರಸುತ್ತನ್ನು ಮುಟ್ಟಿದಾಗ ಅಲ್ಡೋಸ್ಟಿರೋನ್ ಹೊರಡುತ್ತದೆ. ಕಿಡ್ನಿ, ಯಕೃತ್ತು, ಶ್ವಾಸಕೋಶ, ಅಡ್ರಿನಲ್, ಮತ್ತೆ ಕಿಡ್ನಿ. ಪಠ್ಯದಲ್ಲಿ ಬೇರೆ ಬೇರೆ ಅಧ್ಯಾಯಗಳಲ್ಲಿ ಕೂತಿರುವ ಅಂಗಗಳು ಇಲ್ಲಿ ಒಂದೇ ಸರಪಳಿಯ ಕೊಂಡಿಗಳು. ಉಪ್ಪು ಉಳಿದು ಒತ್ತಡ ಸರಿಹೋದರೆ ರೆನಿನ್ ತಾನಾಗಿ ಇಳಿಯುತ್ತದೆ.

ಈ ಆಂಜಿಯೋಟೆನ್ಸಿನ್-2 ಹೋಗುವುದು ಅಡ್ರಿನಲ್ಲಿಗೆ ಮಾತ್ರವಲ್ಲ. ರಕ್ತದಲ್ಲಿರುವ ವಸ್ತುಗಳು ಮಿದುಳಿನ ಹೆಚ್ಚಿನ ಭಾಗಗಳಿಗೆ ಸುಲಭವಾಗಿ ನುಸುಳಲಾರವು. ಆದರೆ ಕೆಲವು ಪುಟ್ಟ ತಾಣಗಳಲ್ಲಿ ಆ ತಡೆ ಸಡಿಲ. ಆಂಜಿಯೋಟೆನ್ಸಿನ್ ಅಲ್ಲಿ ತಾಗಿ ಬಾಯಾರಿಕೆ ಹುಟ್ಟಿಸುತ್ತದೆ. ಇಲಿಗಳಲ್ಲಿ ನಡೆದ ಪ್ರಯೋಗಗಳ ಪ್ರಕಾರ ಉಪ್ಪಿನ ಬಯಕೆಯನ್ನೂ ಕೆರಳಿಸುತ್ತದೆ. ಅಂದರೆ ದೇಹದಲ್ಲಿ ಉಪ್ಪು ಕಡಿಮೆಯಾದಾಗ ಒಂದೇ ಸಂದೇಶ ಎರಡು ಕಡೆ ಮುಟ್ಟುತ್ತದೆ: ಇರುವುದನ್ನು ಬಿಡಬೇಡ ಎಂದು ಗ್ರಂಥಿಗೆ, ಹೊರಗಿನಿಂದ ತಾ ಎಂದು ಮಿದುಳಿಗೆ. ನಮ್ಮ ಹುಡುಗನಲ್ಲಿ ಗ್ರಂಥಿ ಕೈಚೆಲ್ಲಿತ್ತು. ಮಿದುಳು ಕೈಚೆಲ್ಲಿರಲಿಲ್ಲ. ಇಬ್ಬರು ಮಾಡಬೇಕಾದ ಕೆಲಸವನ್ನು ಅದೊಂದೇ ಮಾಡುತ್ತಿತ್ತು, ಪುಟ್ಟ ನಾಲಿಗೆ ಮತ್ತು ಪುಟ್ಟ ಕೈಗಳ ಮೂಲಕ. 1940ರಲ್ಲಿ ಈ ಸರಪಳಿ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಅಲ್ಡೋಸ್ಟಿರೋನ್ ಪತ್ತೆಯಾದದ್ದೇ 1953ರಲ್ಲಿ, ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರ ಕೆಲಸದಿಂದ.

ರಿಕ್ಟರ್ ಅವರ ಇಲಿಗಳು

ತಂದೆತಾಯಿಯ ಕಾಗದ ಓದಿದಾಗ ರಿಕ್ಟರ್ ಅವರಿಗೆ ಅಷ್ಟಾಗಿ ಆಶ್ಚರ್ಯವಾಗಿರಲಾರದು. 1936ರಲ್ಲೇ ಅವರು ಇದನ್ನು ಇಲಿಗಳಲ್ಲಿ ಕಂಡಿದ್ದರು. ಅಡ್ರಿನಲ್ ತೆಗೆದ ಇಲಿ ಮಾಮೂಲಿ ಆಹಾರದಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಪಂಜರದಲ್ಲಿ ನೀರಿನ ಜೊತೆಗೆ ಉಪ್ಪುನೀರಿನ ಸೀಸೆಯನ್ನೂ ಇಟ್ಟರೆ ಇಲಿ ತಾನಾಗಿ ಉಪ್ಪುನೀರನ್ನು ಹೆಚ್ಚು ಕುಡಿದು ಬದುಕಿಕೊಳ್ಳುತ್ತದೆ. ರುಚಿಯ ನರಗಳನ್ನು ಕತ್ತರಿಸಿದರೆ ಅದಕ್ಕೆ ಆರಿಸಲು ಬರುವುದಿಲ್ಲ, ಸಾಯುತ್ತದೆ. ಕ್ಯಾಲ್ಸಿಯಂ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿಗಳನ್ನು ತೆಗೆದ ಇಲಿಗಳು ಇದೇ ರೀತಿ ಕ್ಯಾಲ್ಸಿಯಂ ದ್ರಾವಣವನ್ನು ಹುಡುಕಿ ಕುಡಿದವು.

ಇದನ್ನು ಆ ಕಾಲದ ಹಿನ್ನೆಲೆಯಲ್ಲಿ ಇಟ್ಟು ನೋಡಬೇಕು. ದೇಹದ ಒಳಪರಿಸರ ಸ್ಥಿರವಾಗಿರುವುದೇ ಸ್ವತಂತ್ರ ಬದುಕಿಗೆ ಆಧಾರ ಎಂದು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಹೇಳಿದ್ದರು. ಹಾರ್ವರ್ಡಿನ ವಾಲ್ಟರ್ ಕ್ಯಾನನ್ 1926ರಲ್ಲಿ ಅದಕ್ಕೆ ಹೋಮಿಯೋಸ್ಟಾಸಿಸ್ ಎಂದು ಹೆಸರಿಟ್ಟು ನರ, ಹಾರ್ಮೋನು, ರಕ್ತಗಳ ಮೂಲಕ ಅದು ಹೇಗೆ ನಡೆಯುತ್ತದೆಂದು ವಿವರಿಸಿದರು. ಹಸಿವು, ಬಾಯಾರಿಕೆಗಳನ್ನು ಕ್ಯಾನನ್ ಕಡೆಗಣಿಸಲಿಲ್ಲ, ನಿಜ. ಆದರೂ ಒತ್ತು ಇದ್ದದ್ದು ಮೈಯೊಳಗಿನ ಸ್ವಯಂಚಾಲಿತ ವ್ಯವಸ್ಥೆಗಳ ಮೇಲೆ. ರಿಕ್ಟರ್ ಹಟ ಹಿಡಿದು ಹೇಳಿದ್ದೇನೆಂದರೆ, ಒಳಗಿನ ವ್ಯವಸ್ಥೆ ಮುರಿದಾಗ ನಡವಳಿಕೆಯೇ ಆ ಜಾಗಕ್ಕೆ ಬರುತ್ತದೆ. ಏನು ತಿನ್ನುತ್ತೇವೆ, ಎಲ್ಲಿ ಮಲಗುತ್ತೇವೆ, ಎಷ್ಟು ಅಲೆದಾಡುತ್ತೇವೆ ಎಂಬುದೂ ಸಮತೋಲನದ ಉಪಕರಣವೇ. ನನಗೆ ಇದು ಕ್ಯಾನನ್ನರ ಮಾತಿನ ತಿದ್ದುಪಡಿಗಿಂತ ಅದರ ಮುಂದುವರಿಕೆಯಾಗಿ ಕಾಣುತ್ತದೆ.

ರಿಕ್ಟರ್ ಕೊಟ್ಟ ವಿವರಣೆ ಮಾತ್ರ ಪೂರ್ತಿ ನಿಲ್ಲಲಿಲ್ಲ. ಅಡ್ರಿನಲ್ ಇಲ್ಲದ ಇಲಿಗೆ ತೀರಾ ತೆಳುವಾದ ಉಪ್ಪುನೀರೂ ರುಚಿ ಹತ್ತುತ್ತದೆ, ನಾಲಿಗೆಯೇ ಚುರುಕಾಗಿರುತ್ತದೆ ಎಂದು ಅವರು ನಂಬಿದ್ದರು. 1950ರಲ್ಲಿ ಪಾಫ್‌ಮನ್ ಮತ್ತು ಬೇರ್ ಆ ಇಲಿಗಳ ರುಚಿಯ ನರದ ವಿದ್ಯುತ್ ಸಂಕೇತಗಳನ್ನೇ ಅಳೆದರು. ಆರೋಗ್ಯವಂತ ಇಲಿಗೂ ಅಷ್ಟೇ ತೆಳು ಉಪ್ಪು ತಿಳಿಯುತ್ತಿತ್ತು. ತಿಳಿಯುವುದರಲ್ಲಿ ವ್ಯತ್ಯಾಸವಿರಲಿಲ್ಲ, ಬೇಕೆನಿಸುವುದರಲ್ಲಿತ್ತು. ಬದಲಾದದ್ದು ನಾಲಿಗೆಯಲ್ಲ, ಮಿದುಳು.

ಒಂದೇ ಗ್ರಂಥಿಯಲ್ಲಿ ಹೆಚ್ಚೂ ಕೊರತೆಯೂ

ಉಪ್ಪು ಸೋರುತ್ತಿತ್ತು, ಸರಿ. ಮೂರೂವರೆ ವರ್ಷಕ್ಕೆ ಹರೆಯದ ಗುರುತು ಏಕೆ? ಇಡೀ ಪ್ರಕರಣದಲ್ಲಿ ವೈದ್ಯರ ದಾರಿ ತಪ್ಪಿಸಿದ್ದು ಇದೇ.

ಇಂದು ಈ ಚಿತ್ರವನ್ನು ನೋಡಿದ ಮಕ್ಕಳ ವೈದ್ಯರಿಗೆ ಮೊದಲು ನೆನಪಾಗುವ ಕಾಯಿಲೆ ಹುಟ್ಟಿನಿಂದಲೇ ಬರುವ ಅಡ್ರಿನಲ್ ಹಿಗ್ಗುವಿಕೆ. ಅದರ ಹೆಚ್ಚಿನ ಪ್ರಕರಣಗಳಲ್ಲಿ 21-ಹೈಡ್ರಾಕ್ಸಿಲೇಸ್ ಎಂಬ ಒಂದು ಕಿಣ್ವ ಕೆಲಸ ಮಾಡುವುದಿಲ್ಲ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನಿನ ಒಂದೊಂದು ಪ್ರತಿ ಬಂದ ಮಗುವಿಗೆ ಮಾತ್ರ ಕಾಯಿಲೆ. ತಂದೆತಾಯಿಗೆ ಯಾವ ತೊಂದರೆಯೂ ಇರುವುದಿಲ್ಲ. ಕಾರ್ಟಿಸಾಲಿಗೂ ಅಲ್ಡೋಸ್ಟಿರೋನಿಗೂ ಹೋಗುವ ದಾರಿಯಲ್ಲಿ ಈ ಕಿಣ್ವ ಬೇಕೇ ಬೇಕು. ಆಂಡ್ರೋಜನ್ನಿನ ದಾರಿಗೆ ಬೇಡ.

ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಎಷ್ಟು ಕಾರ್ಟಿಸಾಲ್ ಇದೆಯೆಂದು ಸದಾ ಗಮನಿಸುತ್ತಿರುತ್ತದೆ. ಕಡಿಮೆಯಾದರೆ ಎಸಿಟಿಎಚ್ ಎಂಬ ಹಾರ್ಮೋನನ್ನು ಕಳಿಸಿ ಅಡ್ರಿನಲ್ಲನ್ನು ಎಬ್ಬಿಸುತ್ತದೆ. ಕಿಣ್ವವಿಲ್ಲದ ಗ್ರಂಥಿ ಎಷ್ಟು ದುಡಿದರೂ ಕಾರ್ಟಿಸಾಲ್ ಬರುವುದಿಲ್ಲ. ಪಿಟ್ಯುಟರಿ ಇನ್ನಷ್ಟು ಎಸಿಟಿಎಚ್ ಕಳಿಸುತ್ತದೆ. ಗ್ರಂಥಿ ಊದಿಕೊಂಡು ಇನ್ನಷ್ಟು ಕಚ್ಚಾವಸ್ತುವನ್ನು ಒಳಗೆಳೆಯುತ್ತದೆ, ಅದೆಲ್ಲ ತೆರೆದಿರುವ ಒಂದೇ ದಾರಿಗೆ, ಆಂಡ್ರೋಜನ್ನಿನ ಕಡೆಗೆ, ನುಗ್ಗುತ್ತದೆ. ಗಮನಿಸಬೇಕಾದ ಸಂಗತಿ: ಪಿಟ್ಯುಟರಿಯಲ್ಲಿ ದೋಷವೇ ಇಲ್ಲ. ಕೊರತೆ ಕಂಡಾಗ ಆಜ್ಞೆ ಏರಿಸು ಎಂಬ ನಿಯಮವನ್ನು ಅದು ಚಾಚೂ ತಪ್ಪದೆ ಪಾಲಿಸುತ್ತಿದೆ. ಸಮತೋಲನ ಕಾಯುವ ವ್ಯವಸ್ಥೆ ಸರಿಯಾಗಿ ಕೆಲಸ ಮಾಡಿದ್ದರಿಂದಲೇ ಕಾಯಿಲೆಯ ಅರ್ಧಭಾಗ ಹುಟ್ಟಿತು. ಸಮತೋಲನವನ್ನು ಸದಾ ಒಳ್ಳೆಯದರ ಕಡೆಗೇ ಒಯ್ಯುವ ಜಾಣತನವೆಂದು ಬಣ್ಣಿಸುವ ಬರಹಗಳನ್ನು ಓದುವಾಗಲೆಲ್ಲ ನನಗೆ ಈ ಹುಡುಗನ ಪಿಟ್ಯುಟರಿ ನೆನಪಾಗುತ್ತದೆ. ಅದು ತನಗೆ ಕಾಣುವ ಒಂದು ಅಂಕಿಯನ್ನಷ್ಟೇ ಕಾಯುತ್ತದೆ.

ವಾರ್ಡಿನ ಏಳು ದಿನ

ಆಸ್ಪತ್ರೆಯವರನ್ನು ದೂರುವುದು ಸುಲಭ. ಅಡ್ರಿನಲ್ ಸೋತವರಿಗೆ ಉಪ್ಪು ಕೊಟ್ಟರೆ ಚೇತರಿಸಿಕೊಳ್ಳುತ್ತಾರೆ ಎಂದು ನ್ಯೂಯಾರ್ಕಿನ ರಾಬರ್ಟ್ ಲೋಬ್ 1930ರ ದಶಕದ ಮೊದಲಲ್ಲೇ ತೋರಿಸಿದ್ದರು. ತಿಳಿವಳಿಕೆ ಇತ್ತು. ಆದರೆ ಅದು ಇದ್ದದ್ದು ಆಡಿಸನ್ ಕಾಯಿಲೆಯ ರೋಗಿಗಳ ವಿಷಯದಲ್ಲಿ: ಸೊರಗಿದ, ಸುಸ್ತಾದ, ಚರ್ಮ ಕಪ್ಪಿಟ್ಟ ದೊಡ್ಡವರು. ಇಲ್ಲಿ ಬಂದವನು ವಯಸ್ಸಿಗೆ ಮೀರಿ ಬೆಳೆದ ಹುಡುಗ. ಅಡ್ರಿನಲ್ ಎಂದು ಅನುಮಾನ ಬಂದರೂ ಅದು ಹೆಚ್ಚು ಕೆಲಸ ಮಾಡುತ್ತಿದೆ ಎಂದೇ ತೋರುವಂತಿತ್ತು. ಹೆಚ್ಚಿನ ಗುರುತುಗಳನ್ನು ಮೈಮೇಲೆ ಹೊತ್ತವನಲ್ಲಿ ಕೊರತೆಯನ್ನು ಹುಡುಕುವವರು ಯಾರು?

ಹಾಗಿದ್ದರೂ ಒಂದು ಮಾತು ಉಳಿಯುತ್ತದೆ. ತೂತು ಬಿದ್ದ ತೊಟ್ಟಿಗೆ ಮನೆಯಲ್ಲಿ ಯಾರೋ ಬಿಡದೆ ನೀರು ಹೊಯ್ಯುತ್ತಿದ್ದರೆ ತೊಟ್ಟಿ ತುಂಬಿಯೇ ಕಾಣುತ್ತದೆ. ಹೊಯ್ಯುವವರನ್ನು ತಡೆದ ಮೇಲಷ್ಟೇ ತೂತು ಗೊತ್ತಾಗುವುದು. ಮನೆಯಲ್ಲಿದ್ದಾಗ ಈ ಹುಡುಗನ ಒಳಪರಿಸರ ಬದುಕುವಷ್ಟರ ಮಟ್ಟಿಗೆ ಸರಿಯಿತ್ತು, ಏಕೆಂದರೆ ಅವನ ಹಟಕ್ಕೆ ಮನೆಯವರು ಸೋತಿದ್ದರು. ‘ಇಷ್ಟು ಉಪ್ಪು ತಿನ್ನಬಾರದು’ ಎಂದು ಶಿಸ್ತು ಮಾಡುವ ಅಪ್ಪ ಅಮ್ಮ ಸಿಕ್ಕಿದ್ದರೆ ಇನ್ನೂ ಮೊದಲೇ ಹೋಗಿಬಿಡುತ್ತಿದ್ದನೇನೋ. ವಾರ್ಡಿನ ಊಟದಲ್ಲಿ ಉಪ್ಪು ಇರಲಿಲ್ಲವೆಂದಲ್ಲ, ಉಳಿದ ಮಕ್ಕಳಿಗೆ ಸಾಲುವಷ್ಟಿತ್ತು. ಅಲ್ಲಿ ಅವನ ಕೈಗೆಟುಕುವ ಉಪ್ಪಿನ ಡಬ್ಬಿ ಇರಲಿಲ್ಲ, ಅಷ್ಟೆ.

ಹಾಗೆಂದು ಉಪ್ಪು ಬಯಸುವವರೆಲ್ಲ ರೋಗಿಗಳಲ್ಲ. ಹುಣಸೆಕಾಯಿಗೆ ಉಪ್ಪು-ಖಾರ ಹಚ್ಚಿ ಚಪ್ಪರಿಸುವ ಮಗುವನ್ನು ಯಾರೂ ಆಸ್ಪತ್ರೆಗೆ ಹೊತ್ತೊಯ್ಯಬೇಕಿಲ್ಲ. ನಮ್ಮಲ್ಲಿ ಬಹುತೇಕರು ಬೇಕಾದ್ದಕ್ಕಿಂತ ಹೆಚ್ಚು ಉಪ್ಪು ತಿನ್ನುವುದು ರುಚಿಗೆ, ಅಭ್ಯಾಸಕ್ಕೆ. ಅಡ್ರಿನಲ್ ಕೊರತೆ ಇರುವವರೆಲ್ಲರಿಗೂ ಉಪ್ಪಿನ ಬಯಕೆ ಹುಟ್ಟುವುದಿಲ್ಲ, ಕೆಲವರಿಗಷ್ಟೇ. ಆದ್ದರಿಂದ ಬಯಕೆಯನ್ನು ಒಂಟಿಯಾಗಿ ನೋಡಬಾರದು. ಅದರ ಜೊತೆಗೆ ತೂಕ ಇಳಿಯುವುದು, ಮತ್ತೆ ಮತ್ತೆ ವಾಂತಿ, ಎದ್ದು ನಿಂತರೆ ತಲೆಸುತ್ತು, ಕಾರಣವಿಲ್ಲದ ನಿಶ್ಶಕ್ತಿ, ಒಸಡು ಮತ್ತು ಅಂಗೈ ಗೆರೆಗಳು ಕಪ್ಪಾಗುವುದು ಸೇರಿಕೊಂಡರೆ ಸೋಡಿಯಂ, ಪೊಟ್ಯಾಸಿಯಂ ನೋಡಿಸಲೇಬೇಕು.

ಇಂದಾಗಿದ್ದರೆ

ವಿಲ್ಕಿನ್ಸ್ ಈ ಕಾಯಿಲೆಯ ಬೆನ್ನು ಬಿಡಲಿಲ್ಲ. ಕಾರ್ಟಿಸಾಲಿನ ಹತ್ತಿರದ ಹಾರ್ಮೋನಾದ ಕಾರ್ಟಿಸೋನ್ ಔಷಧವಾಗಿ ಕೈಗೆ ಸಿಕ್ಕೊಡನೆ, 1950ರಲ್ಲಿ, ಅಡ್ರಿನಲ್ ಹಿಗ್ಗಿದ ರೋಗಿಗೆ ಅದನ್ನು ಕೊಟ್ಟು ನೋಡಿದರು. ಹೊರಗಿನಿಂದ ಹಾರ್ಮೋನು ಸಿಕ್ಕಾಗ ಪಿಟ್ಯುಟರಿಯ ಆಜ್ಞೆ ತಗ್ಗಿತು, ಆಂಡ್ರೋಜನ್ನೂ ಇಳಿಯಿತು. ಅದೇ ವರ್ಷ ಬಾಸ್ಟನ್ನಿನ ಫ್ರೆಡೆರಿಕ್ ಬಾರ್ಟರ್ ಮತ್ತು ಸಂಗಡಿಗರೂ ಇದನ್ನೇ ಕಂಡರು. ಇಂದಿಗೂ ಚಿಕಿತ್ಸೆಯ ತಿರುಳು ಅದೇ: ಕಾರ್ಟಿಸಾಲಿನ ಬದಲಿಗೆ ಹೈಡ್ರೋಕಾರ್ಟಿಸೋನ್, ಅಲ್ಡೋಸ್ಟಿರೋನಿನ ಬದಲಿಗೆ ಫ್ಲುಡ್ರೋಕಾರ್ಟಿಸೋನ್. ಹಾಲು ಕುಡಿಯುವ ಕೂಸುಗಳಿಗೆ ಇವೆರಡರ ಜೊತೆಗೆ ವೈದ್ಯರು ಹೇಳಿದ ಅಳತೆಯಲ್ಲಿ ಉಪ್ಪನ್ನೂ ಕೊಡುತ್ತಾರೆ, ಏಕೆಂದರೆ ತಾಯಿಯ ಹಾಲಿನಲ್ಲಿ ಸೋಡಿಯಂ ಕಡಿಮೆ, ಕೂಸಿಗೆ ಡಬ್ಬಿ ಹುಡುಕಲು ಬಾರದು. ಜ್ವರ ಬಂದಾಗ, ಶಸ್ತ್ರಚಿಕಿತ್ಸೆಯಾದಾಗ ಆರೋಗ್ಯವಂತರ ಅಡ್ರಿನಲ್ ತಾನಾಗಿ ಕಾರ್ಟಿಸಾಲ್ ಏರಿಸುತ್ತದೆ. ಈ ಮಕ್ಕಳಲ್ಲಿ ಆ ಲೆಕ್ಕವನ್ನು ಮನೆಯವರೇ ನೆನಪಿಟ್ಟು ಹೈಡ್ರೋಕಾರ್ಟಿಸೋನನ್ನು ವೈದ್ಯರು ಮೊದಲೇ ಹೇಳಿಕೊಟ್ಟಂತೆ ಎರಡು ಮೂರು ಪಟ್ಟು ಮಾಡಬೇಕು. ವಾಂತಿಯಿಂದ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ನೇ ಗತಿ.

ಉಪ್ಪು ಸೋರುವ ಬಗೆಯ ಕಾಯಿಲೆ ಸಾಮಾನ್ಯವಾಗಿ ಹುಟ್ಟಿದ ಎರಡನೇ ವಾರದ ಸುಮಾರಿಗೆ ತಲೆಯೆತ್ತುತ್ತದೆ. ಕೂಸು ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಮಂಕಾಗುತ್ತದೆ. ಸೋಂಕೋ ಹೊಟ್ಟೆಯ ತೊಂದರೆಯೋ ಎಂದುಕೊಳ್ಳುವಷ್ಟರಲ್ಲಿ ಕೈಮೀರಿರುತ್ತದೆ. ಹೆಣ್ಣುಕೂಸುಗಳಲ್ಲಿ ಗರ್ಭದಲ್ಲೇ ಆಂಡ್ರೋಜನ್ ತಗುಲಿ ಜನನಾಂಗ ಬೇರೆ ರೀತಿ ಕಾಣುವುದರಿಂದ ಹೆರಿಗೆ ಕೋಣೆಯಲ್ಲೇ ಅನುಮಾನ ಬರುತ್ತದೆ. ಗಂಡುಕೂಸುಗಳಲ್ಲಿ ಹೊರಗೆ ಏನೂ ಕಾಣದು. ಹಾಗಾಗಿ ನವಜಾತ ಶಿಶುಗಳ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು, ಕಿಣ್ವ ಇಲ್ಲದಾಗ ಹಿಂದೆ ರಾಶಿಬೀಳುವ 17-ಹೈಡ್ರಾಕ್ಸಿಪ್ರೊಜೆಸ್ಟಿರೋನನ್ನು ಅಳೆಯುವ ಪರೀಕ್ಷೆ 1977ರಿಂದ ಬಳಕೆಗೆ ಬಂತು. ಅನೇಕ ದೇಶಗಳಲ್ಲಿ ಅದು ಕಡ್ಡಾಯ. ಭಾರತದಲ್ಲಿ ಎಲ್ಲ ಕೂಸುಗಳಿಗೂ ಇನ್ನೂ ಆಗುತ್ತಿಲ್ಲ. ಕೇರಳದ ಸರ್ಕಾರಿ ಆಸ್ಪತ್ರೆಗಳ ತಪಾಸಣೆಯಲ್ಲಿ ಇದು ಸೇರಿದೆ, ಬೇರೆ ಕಡೆ ಹೆಚ್ಚಾಗಿ ಖಾಸಗಿಯಾಗಿ ಕೇಳಿ ಮಾಡಿಸಬೇಕು. ಮಾಡಿಸುವವರು ಒಂದನ್ನು ವಿಚಾರಿಸಿಕೊಳ್ಳಬೇಕು, ವರದಿ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂದು. ಮೂರನೇ ವಾರಕ್ಕೆ ಬರುವ ವರದಿ ಗಂಡುಕೂಸಿನ ಮಟ್ಟಿಗೆ ತಡವಾಗಿರಬಹುದು.